ತಂಬೂರಿನಾಚೆ ಒಂದು ಪಂಚನಾಮೆ

ಶನಿವಾರ ಬೆಳಿಗ್ಗೆ ಎಂಟೂವರೆಗೆ ಧಾರವಾಡದಿಂದ ಕಲಘಟಗಿ ಬಸ್ಸು ಹೊರಟಿತು. ಎಂಬತ್ತೈದರ ಸುಮಾರಿನ ಮಾತು, ಆಗಸ್ಟ್ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ನನ್ನ ಕಂಕುಳಲ್ಲಿ ಛತ್ರಿ, ಕಿಸೆಯಲ್ಲಿ ಹೊಟ್ಟೆನೋವಿನ ಗುಳಿಗೆ, ಚೀಲದಲ್ಲಿ ಹೆಂಡತಿ ಇಟ್ಟ ಒಂದು ಹೆಚ್ಚಿನ ಅಂಗಿ. ಸಂಜೆಗೇ ಮರಳಿ ಬರುವವನಿಗೆ ಅಂಗಿ ಯಾಕೆ ಎಂದು ಕೇಳಿದ್ದಕ್ಕೆ ಆಕೆ, "ಪೊಲೀಸ್ ಠಾಣೆಕ್ಕ ಹೊಂಟೀರಿ. ಯಾವಾಗ ಬಿಡ್ತಾರೋ ಏನೋ" ಎಂದಿದ್ದಳು. ಚೇಷ್ಟೆಗೆ ಹೇಳಿದ ಮಾತೆಂದು ಗೊತ್ತಿದ್ದರೂ ಅಂಗಿಯನ್ನು ಚೀಲದಿಂದ ತೆಗೆದಿಡಲಿಲ್ಲ.

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವನು. ಬಿ.ಎ. ಕೊನೆಯ ವರ್ಷಕ್ಕೆ ಅಪರಾಧ, ಪೊಲೀಸರು, ಸೆರೆಮನೆ ಇವುಗಳ ಬಗ್ಗೆ ಒಂದು ಪತ್ರಿಕೆ ಇತ್ತು. ಹನ್ನೊಂದು ವರ್ಷ ಅದನ್ನು ಕಲಿಸಿದೆ, ಠಾಣೆಯ ಹೊಸ್ತಿಲು ಮಾತ್ರ ಒಮ್ಮೆಯೂ ತುಳಿದಿರಲಿಲ್ಲ. ಪ್ರತಿ ವರ್ಷ ಪಂಚನಾಮೆಯ ಪಾಠ ಬಂದಾಗ ನನ್ನದೊಂದು ಕಾಯಂ ವಾಕ್ಯ ಇರುತ್ತಿತ್ತು: "ಕಣ್ಣಾರೆ ಕಾಣದ್ದನ್ನು ಕಂಡೆನೆಂದು ಬರೆಯುವ ಪೊಲೀಸನು ಕಳ್ಳನನ್ನು ಹಿಡಿಯುವುದಿಲ್ಲ, ಕಳ್ಳನನ್ನು ತಯಾರಿಸುತ್ತಾನೆ." ಹುಡುಗರು ತಲೆತಗ್ಗಿಸಿ ಬರೆದುಕೊಳ್ಳುವಾಗ ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಹಾಗೆ ಬರೆದುಕೊಂಡವರಲ್ಲಿ ದುಮ್ಮವಾಡದ ಯಲ್ಲಪ್ಪ ಒಬ್ಬ. ಡಿಗ್ರಿ ಮುಗಿಸಿ ತಂಬೂರಿನಾಚೆಯ ಒಂದು ಠಾಣೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದ. ಗುರುವಾರ ಸಂಜೆ ಅವನ ತಂದೆ ಫಕೀರಪ್ಪ ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ನೀರು ಕೂಡ ಮುಟ್ಟದೆ ಸಂಗತಿ ಹೇಳಿದ. ಠಾಣೆಯಲ್ಲಿ ಬಿ.ಎ. ಆದವನು ಯಲ್ಲಪ್ಪ ಒಬ್ಬನೇ, ಅಕ್ಷರ ದುಂಡಗೆ, ಹಾಗಾಗಿ ಬರೆಯುವ ಕೆಲಸವೆಲ್ಲ ಅವನದೇ. ಆ ಊರ ದೊಡ್ಡವರ ಮನೆಯ ತಾಮ್ರದ ಹಂಡೆ ಕಳುವಾಗಿ, ಬುಧವಾರ ಕೆರೆಯ ಆಪುಹುಲ್ಲಿನ ನಡುವೆ ಸಿಕ್ಕಿತ್ತು. ಅದು ಬಾಬು ಎಂಬ ಎಮ್ಮೆ ಕಾಯುವವನ ಗುಡಿಸಲಿನ ಬಣವೆಯಲ್ಲಿ ಸಿಕ್ಕಿತೆಂದು ಪಂಚನಾಮೆ ಬರೆ ಎಂದು ಠಾಣೆಯ ಮುಖ್ಯಸ್ಥ ಫೌಜದಾರರು ಹೇಳಿದ್ದರು. ಇವನು ಬರೆಯುವುದಿಲ್ಲ ಎಂದಿದ್ದ. ಶನಿವಾರ ಸಂಜೆಯೊಳಗೆ ಬರೆಯದಿದ್ದರೆ ಮೇಲಿನವರಿಗೆ ವರದಿ ಹೋಗುತ್ತದೆ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ, ನೌಕರಿಯಿಂದ ತೆಗೆಯಲು ಒಂದು ಕಾಗದ ಸಾಕು.

"ಅಂವಾ ನಿಮ್ಮ ಹೆಸರಾ ಹೇಳ್ತಾನ್ರಿ. ಸರು ಹಿಂಗ ಕಲಿಸ್ಯಾರ ಅಂತಾನ," ಎಂದ ಫಕೀರಪ್ಪ. "ನೀವಾ ತಲ್ಯಾಗ ತುಂಬೀರಿ. ನೀವಾ ಹೋಗಿ ತಗದು ಬರ್ರಿ."

ನಾನು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಯಲ್ಲಪ್ಪನ ನೌಕರಿಯ ಚಿಂತೆಯ ಜೊತೆಗೇ, ನನ್ನ ಹೆಸರು ಠಾಣೆಯಲ್ಲಿ ಓಡಾಡುತ್ತಿದೆಯಲ್ಲ ಎಂಬ ಹೆದರಿಕೆಯೂ ನನಗಿತ್ತು.

ದುಮ್ಮವಾಡದಲ್ಲಿ ಬಸ್ಸು ನಿಂತಾಗ ಫಕೀರಪ್ಪ ತಲೆಗೆ ಗೋಣಿಚೀಲ ಹೊದ್ದು ರಸ್ತೆಬದಿಯಲ್ಲೇ ಕಾದಿದ್ದ. ಕಿಟಕಿಯಿಂದ ಒಂದು ಗಂಟು ಒಳಗೆ ತುರುಕಿದ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. "ಅವಗ ಕೊಡ್ರಿ. ಸಿಟ್ಟಿಗೆದ್ದ್ರ ಉಣ್ಣೂದ ಬಿಡ್ತಾನ," ಎಂದ. ಬಸ್ಸು ಹೊರಟ ಮೇಲೂ ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಬಂದ. ಹಿಂದಿನ ಸೀಟಿನ ಹೆಂಗಸೊಬ್ಬಳು, "ಪಾಪ, ಮಗಳ ಮನಿಗೆ ಬುತ್ತಿ ಕೊಟ್ಟಾರೇನ್ರಿ?" ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಠಾಣೆ ಎಂಬ ಮಾತು ಬಾಯಿಗೆ ಬರಲಿಲ್ಲ.

ಕಲಘಟಗಿಯಲ್ಲಿ ಮುಂದಿನ ಬಸ್ಸಿಗೆ ಒಂದೂವರೆ ತಾಸು ಕಾಯಬೇಕಾಯಿತು. ಒಂದು ಪ್ಲೇಟು ಗಿರಮಿಟ್ಟು ತಿಂದೆ, ಎರಡು ಚಾ ಕುಡಿದೆ, ಯಲ್ಲಪ್ಪನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಟಿಪ್ಪಣಿ ಮಾಡಿಕೊಂಡೆ. ನೌಕರಿ ಉಳಿದರೆ ಮುಂದೆ ಸುಧಾರಣೆ ಮಾಡಬಹುದು. ಒಬ್ಬನಿಂದ ಇಲಾಖೆ ಬದಲಾಗುವುದಿಲ್ಲ. ತಂದೆಗೆ ವಯಸ್ಸಾಗಿದೆ. ಮೂರೂ ಸರಿಯಾದ ಮಾತುಗಳೇ. ಮೂರನ್ನೂ ಎರಡೆರಡು ಸಲ ಹೇಳಿಕೊಂಡು ಒಂದು ಗುಳಿಗೆ ನುಂಗಿದೆ.

ತಂಬೂರಿನ ಕಡೆಯ ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು. ಎರಡೂ ಬದಿಗೆ ಭತ್ತದ ಗದ್ದೆ, ಕಳೆ ತೆಗೆಯುವ ಹೆಂಗಸರು, ದೂರದಲ್ಲಿ ಕಾಡಿನ ಅಂಚು. ಬೇರೆ ದಿನವಾಗಿದ್ದರೆ ನೋಡುತ್ತ ಕೂಡಬಹುದಾದ ದಾರಿ. ನಾನು ಕಂಡಕ್ಟರನನ್ನು ಮರಳುವ ಬಸ್ಸು ಎಷ್ಟಕ್ಕೆಂದು ಮೂರು ಸಲ ಕೇಳಿದೆ. ಮೂರನೆಯ ಸಲ ಅವನು, "ನಾಕೂವರಿಗೆ ಕಡೀ ಬಸ್ಸು. ಕೈಮ್ಯಾಲೆ ಬರದು ಕೊಡ್ಲ್ಯಾ?" ಎಂದ. ತಂಬೂರು ದಾಟಿ ಸ್ವಲ್ಪ ಮುಂದೆ ಇಳಿದೆ. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿಯ ಜನ ಇನ್ನೂ ಅಲ್ಲೇ ಬಾಳುವೆ ಮಾಡಬೇಕು.

ಠಾಣೆಯ ಎದುರಿಗೇ ಚಾದಂಗಡಿ. ಒಳಗೆ ಹೋಗುವ ಧೈರ್ಯ ಕೂಡಿಸಿಕೊಳ್ಳಲು ಅಲ್ಲಿ ಕೂತೆ. ಅಂಗಡಿಯವನು ಮಾತುಗಾರ. ತಾನು ಠಾಣೆಯ ಕಾಯಂ ಪಂಚ ಎಂದು ಹೇಳಿಕೊಂಡ. ಬಾಜೂಕಿನ ದರ್ಜಿ ಇನ್ನೊಬ್ಬ. ಎಲ್ಲಿ ಏನು ಸಿಕ್ಕರೂ ಸಾಕ್ಷಿಗೆ ಇವರಿಬ್ಬರದೇ ಸಹಿ.

"ಪ್ರತೀ ಸಲ ಅಲ್ಲೀತನಾ ಹೋಗಿ ನೋಡ್ತೀರೇನು?" ಎಂದು ಕೇಳಿದೆ.

"ಅಂಗಡಿ ಯಾರು ನೋಡ್ಕೋಬೇಕ್ರಿ? ನಾ ಮೊದಲಾ ಸಹಿ ಮಾಡಿ ಕೊಟ್ಟಿರ್ತೀನಿ. ಅವರು ಆಮ್ಯಾಲೆ ಬರಕೋತಾರ."

ಅವನ ಮುಖದಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. ನೆರೆಯವರಿಗೆ ಹಾಲು ಕಡ ಕೊಟ್ಟಂತೆ ಸಹಿ ಕೊಡುತ್ತಿದ್ದ. ಹನ್ನೊಂದು ವರ್ಷದ ನನ್ನ ಟಿಪ್ಪಣಿಗಳಲ್ಲಿ ಇಂಥವನೊಬ್ಬನೂ ಇರಲಿಲ್ಲ.

ಮೂರು ಗಂಟೆ ದಾಟಿದ ಮೇಲೆ ಕಡೆಗೂ ಎದ್ದು ಠಾಣೆಯೊಳಗೆ ಹೋದೆ. ಯಲ್ಲಪ್ಪ ನನ್ನನ್ನು ಕಂಡವನೇ ಟೋಪಿ ತೆಗೆದು ಕಾಲಿಗೆರಗಿದ. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಒಳಗೆ ಗೋಡೆಗೆ ಒರಗಿ ಒಬ್ಬ ತೆಳ್ಳನೆಯ ಮನುಷ್ಯ ಕೂತಿದ್ದ, ಅವನೇ ಬಾಬು. "ಎಮ್ಮಿ ಹಾಲು ಯಾರು ಹಿಂಡ್ತಾರ್ರಿ?" ಎಂದು ಬಂದುಹೋದವರನ್ನೆಲ್ಲ ಅದೊಂದನ್ನೇ ಕೇಳುತ್ತಿದ್ದ, ನನ್ನನ್ನೂ ಕೇಳಿದ. ಗಂಟನ್ನು ಯಲ್ಲಪ್ಪನ ಕೈಗೆ ಕೊಟ್ಟೆ. ಅವನು ಬಿಚ್ಚಿ ನೋಡಿ, ಹಾಗೆಯೇ ಒಯ್ದು ಬಾಬುವಿನ ಮುಂದೆ ಇಟ್ಟ. ನಂತರ ನಾವಿಬ್ಬರೂ ಹಿಂದಿನ ಬಾವಿಕಟ್ಟೆಗೆ ಹೋದೆವು.

ನಾನು ಕಲಘಟಗಿಯಲ್ಲಿ ಸಿದ್ಧಮಾಡಿಕೊಂಡ ಮೂರು ಮಾತನ್ನೂ ಒಪ್ಪಿಸಿದೆ. ಅವನು ತರಗತಿಯಲ್ಲಿ ಕೇಳುತ್ತಿದ್ದಂತೆಯೇ ತಲೆತಗ್ಗಿಸಿ ಕೇಳಿದ.

"ಸರ, ಹಂಡೆ ನಾನಾ ನೀರಾಗ ಇಳದು ಎತ್ತೀನ್ರಿ," ಎಂದ ಕೊನೆಗೆ. "ಮೊಣಕಾಲತನಾ ರಾಡಿ ಇತ್ತು. ಬಣವ್ಯಾಗ ಸಿಕ್ತು ಅಂತ ಹೆಂಗ ಬರೀಲಿ ನೀವಾ ಹೇಳ್ರಿ. ನೀವು ಬರಿ ಅಂದ್ರ ಬರೀತೀನಿ."

ನಾನು ಬರಿ ಎನ್ನಲಿಲ್ಲ. ಬರೆಯಬೇಡ ಎಂದೂ ಅನ್ನಲಿಲ್ಲ. ಗಡಿಯಾರ ನೋಡಿದೆ, ನಾಲ್ಕಾಗಿತ್ತು.

ಅಷ್ಟರಲ್ಲಿ ಫೌಜದಾರರು ಬಂದರು. ನಾನು ಎಣಿಸಿದ್ದ ಗದರುವ ಮನುಷ್ಯ ಅಲ್ಲ. ಕುರ್ಚಿ ಒರೆಸಿ ಕೂಡ್ರಿಸಿದರು, ಚಾ ತರಿಸಿದರು. "ಹುಡುಗ ಶಾಣ್ಯಾ ಅದಾನ್ರಿ, ಹಟ ಒಂದು," ಎಂದರು. "ಅವನ ಹೊಟ್ಟೀಮ್ಯಾಲೆ ಹೊಡಿಯೂದು ನನಗೂ ಬ್ಯಾಡಾಗೇತಿ. ಅಂವಾ ಬರಿಯೂದಾ ಬ್ಯಾಡ ಬಿಡ್ರಿ. ಹವಾಲ್ದಾರ ಬರದಾನ. ಪಂಚರ ಸಹಿ ಒಂದು ಬೇಕು. ಈ ಚಾದಂಗಡಿಯವನ ಮಾರಿ ನೋಡಿದ್ರ ಕೋರ್ಟಿನ್ಯಾಗ ನಗತಾರ. ನಿಮ್ಮಂಥ ಕಲತವರದು ಇದ್ದ್ರ ತೂಕ ಬ್ಯಾರೆ. ನೀವು ಸಹಿ ಮಾಡ್ರಿ, ಯಲ್ಲಪ್ಪನ ಮ್ಯಾಲಿನ ವರದಿ ಈಗಾ ಹರದು ಒಗೀತೀನಿ."

ಹುಡುಗ ಬರೆಯಬೇಕಾಗಿಲ್ಲ, ನೌಕರಿಯೂ ಉಳಿಯುತ್ತದೆ. ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಫೌಜದಾರರು ಹಾಳೆಯನ್ನು ಮುಂದೆ ಸರಿಸಿ ಕೆಳಗಡೆ ಬೆರಳಿಟ್ಟರು. ನಾನು ಬೆರಳಿದ್ದ ಜಾಗವನ್ನು ನೋಡಿದೆ, ಅದರ ಮೇಲಿನದನ್ನು ನೋಡಲಿಲ್ಲ. ಓದಿದರೆ ಸಹಿ ಮಾಡಲಾಗದು ಎಂದು ಗೊತ್ತಿದ್ದೇ ಓದಲಿಲ್ಲ. ಸಹಿ ಮಾಡಿ, ಕೆಳಗೆ ಎಂ.ಎ. ಎಂದೂ ಬರೆದೆ.

ಛತ್ರಿ ತೆಗೆದುಕೊಂಡು ಏಳುವಷ್ಟರಲ್ಲಿ ಯಲ್ಲಪ್ಪ ಬಾಗಿಲಲ್ಲಿದ್ದ. "ಸಾಹೇಬ್ರ, ಪಂಚರಿಗೆ ಓದಿ ಹೇಳಬೇಕಂತ ಐತ್ರಿ," ಎಂದು ಹಾಳೆ ಎತ್ತಿಕೊಂಡ. ಫೌಜದಾರರು ಏನಾದರೂ ಅನ್ನುವ ಮೊದಲೇ ಓದತೊಡಗಿದ.

"ನಾವು ಪಂಚರು ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬಾಬುವಿನ ಗುಡಿಸಲಿಗೆ ಖುದ್ದಾಗಿ ಹೋಗಿ, ಹುಲ್ಲಿನ ಬಣವೆಯೊಳಗೆ ತಾಮ್ರದ ಹಂಡೆ ಇದ್ದುದನ್ನು ಕಣ್ಣಾರೆ ಕಂಡೆವು..."

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಧಾರವಾಡದಲ್ಲಿ, ಕೊನೆಯ ವರ್ಷದ ತರಗತಿಯಲ್ಲಿ, ಪಂಚನಾಮೆಯ ಪಾಠ ಮಾಡುತ್ತಿದ್ದೆ.

ಯಲ್ಲಪ್ಪ ನಿಲ್ಲಿಸಿ, "ಕಂಡಿದ್ದು ಖರೇ ಏನ್ರಿ ಸರ?" ಎಂದು ಕೇಳಿದ. ಅಣಕವಿರಲಿಲ್ಲ, ಸಿಟ್ಟೂ ಇರಲಿಲ್ಲ. ಕೇಳಬೇಕಾದ ಪ್ರಶ್ನೆ ಎಂದು ಕೇಳಿದ, ಅಷ್ಟೇ. ಒಳಗಿನಿಂದ ಬಾಬು ರೊಟ್ಟಿಯ ತುಂಡು ಕೈಯಲ್ಲಿ ಹಿಡಿದೇ ನನ್ನನ್ನು ನೋಡುತ್ತಿದ್ದ.

ಪೆನ್ನು ತೆಗೆದುಕೊಂಡು ಸಹಿಯ ಮೇಲೆ ಗೀಟು ಎಳೆದೆ. ಎಂ.ಎ. ಮೇಲೂ ಎಳೆದೆ. ಕೆಳಗೆ, "ನಾನು ಆ ದಿನ ಇಲ್ಲಿ ಇರಲಿಲ್ಲ, ಏನನ್ನೂ ಕಂಡಿಲ್ಲ" ಎಂದು ಬರೆದು ಮತ್ತೆ ಸಹಿ ಹಾಕಿದೆ. ಅಕ್ಷರ ಸೊಟ್ಟಗಾದವು. ಫೌಜದಾರರು ಬಹಳ ಹೊತ್ತು ಆ ಹಾಳೆಯನ್ನು ನೋಡಿದರು. "ಹಾಳಿ ಕೆಡಿಸಿದ್ರೆಲಾ ಸರ," ಎಂದು ಮೆಲ್ಲಗೆ ಅಂದು ಡ್ರಾವರಿನಲ್ಲಿ ಹಾಕಿದರು. ಚಾ ಇನ್ನೂ ಅರ್ಧ ಉಳಿದಿತ್ತು, ಕುಡಿಯಿರಿ ಎಂದು ಯಾರೂ ಅನ್ನಲಿಲ್ಲ.

ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ನಾನು ಸಹಿ ಮಾಡಿದ್ದೂ ಹೊಡೆದುಹಾಕಿದ್ದೂ ಇರುವ ಹಾಳೆಯನ್ನು ಕೋರ್ಟಿಗೆ ಕಳಿಸಲಾಗದೆ, ನಾನು ಬಾಯಿ ಬಿಟ್ಟೇನೆಂದು ಹೊಸದನ್ನು ಬರೆಸಲೂ ಅಂಜಿ, ಬಾಬುವನ್ನು ಮರುದಿನ ಬಿಟ್ಟರು. ಯಲ್ಲಪ್ಪನ ಮೇಲಿನ ವರದಿ ಹೋಗಿಯೇ ಹೋಯಿತು. ನೌಕರಿ ಉಳಿಯಿತು, ಪ್ರೊಬೇಷನ್ ಅವಧಿ ಬೆಳೆಯಿತು, ದೂರದ ಠಾಣೆಗೆ ವರ್ಗವಾಯಿತು. ಆದರೆ ಆ ಸಂಜೆ ಇದಾವುದೂ ನಮಗೆ ಗೊತ್ತಿರಲಿಲ್ಲ.

ಯಲ್ಲಪ್ಪ ಓಡಿಹೋಗಿ ಬಸ್ಸು ತಡೆದು ನಿಲ್ಲಿಸಿದ. ನಾನು ಹತ್ತುವಾಗ, "ಸರ, ಆ ಪತ್ರಿಕೆಗೆ ನನಗ ಎಷ್ಟ ಕೊಟ್ಟಿದ್ರಿ, ನೆನಪೈತೇನ್ರಿ? ನೂರಕ್ಕ ಮೂವತ್ತೆಂಟು," ಎಂದು ಸಣ್ಣಗೆ ನಕ್ಕ. ನನಗೆ ನೆನಪಿತ್ತು. ಉತ್ತರ ತೀರ ಚಿಕ್ಕದಾಯಿತೆಂದು ಕಡಿಮೆ ಹಾಕಿದ್ದೆ.

ಕಲಘಟಗಿಯಲ್ಲಿ ಬಸ್ಸು ಬದಲಿಸಿ ದುಮ್ಮವಾಡಕ್ಕೆ ಬರುವಾಗ ಹೊತ್ತು ಮುಳುಗುತ್ತಿತ್ತು. ಫಕೀರಪ್ಪನ ಮುಖ ಹೇಗೆ ನೋಡುವುದೆಂದು ದಾರಿಯುದ್ದಕ್ಕೂ ಚಡಪಡಿಸಿದ್ದೆ. ಬಸ್ಸು ಅಲ್ಲಿ ನಿಲ್ಲದೆ ಹಾಯ್ದು ಹೋಗಲಿ ಎಂದೂ ಅನಿಸಿತು. ಅವನು ಬೆಳಿಗ್ಗೆ ನಿಂತಲ್ಲೇ ನಿಂತಿದ್ದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

"ತಗದ್ರ್ಯಾ?" ಎಂದ.

"ಇಲ್ಲರೀ. ಆಗಲಿಲ್ಲ. ನಾನಾ ಒಂದು ಸುಳ್ಳು ಸಹಿ ಮಾಡಿದ್ದೆ, ಅದನ್ನ ಅಂವಾ ತಗಸಿದ."

ಫಕೀರಪ್ಪನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. "ರೊಟ್ಟಿ ಉಂಡನ್ರ್ಯಾ?" ಎಂದು ಕೇಳಿದ.

"ಒಳಗ ಕುಂತಿದ್ದನಲ್ಲ, ಬಾಬು, ಅವಗ ಕೊಟ್ಟ."

ಅವನು ಸರಳಿನ ಮೇಲಿದ್ದ ಕೈ ತೆಗೆದ. "ಕೊಡಾವನ," ಎಂದ. "ಸಣ್ಣಾಂವ ಇದ್ದಾಗಿಂದ ಹಂಗಾ ಅದಾನ್ರಿ. ಅವರವ್ವ ಹಂಗಾ ಇದ್ದಳು. ನಾನಾ ಸುಮ್ನ ನಿಮಗ ಅಂದೆ. ನೀವು ಕಲಿಸಿದ್ದಲ್ಲ ಅದು."

ಕಂಡಕ್ಟರ್ ಗಂಟೆ ಹೊಡೆದ. ಎರಡು ದಿನದಿಂದ ನಾನು ಹೊತ್ತಿದ್ದ ದೂರನ್ನು ಅವನು ಒಂದೇ ಮಾತಿಗೆ ಇಳಿಸಿದ್ದ. ನನಗೆ ಹಗುರವಾಗಬೇಕಿತ್ತು. ಹಿಂತಿರುಗಿ ನೋಡಿದರೆ ಗೋಣಿಚೀಲ ಹೊದ್ದ ತಲೆಯೊಂದು ಊರಿನ ಕಡೆಗೆ ಮೆಲ್ಲಗೆ ನಡೆಯುತ್ತಿತ್ತು. ಧಾರವಾಡ ಬರುವತನಕ, ಇಲ್ಲರೀ, ಸ್ವಲ್ಪ ನಾನೂ ಕಲಿಸಿದ್ದೆ ಎಂದು ಅವನನ್ನು ಕೂಗಿ ಹೇಳಬೇಕೆಂಬ ಆಸೆಯನ್ನು ಬಾಯಲ್ಲೇ ಹಿಡಿದು ಕೂತಿದ್ದೆ.