ಒತ್ತೆಯಾಳುಗಳು ಮತ್ತು ಮಾವನವರ ಓಟು

ಗಿರಿನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ನಾನು ಅದೇ ವಿಷಯದ ನಿವೃತ್ತ ಮೇಷ್ಟ್ರೆಂದು ತಿಳಿದ ಮೇಲೆ ಪುಸ್ತಕ ಹಿಡಿದು ಆಗಾಗ ಕೆಳಗಿಳಿದು ಬರುತ್ತಾಳೆ. ಕಳೆದ ತಿಂಗಳು ಅವಳಿಗೊಂದು ಸೆಮಿನಾರು ಬಿತ್ತು. 1979ರಲ್ಲಿ ಇರಾನಿನಲ್ಲಿ ಒತ್ತೆಯಾಳುಗಳಾದ ಅಮೆರಿಕನ್ನರಿಂದ ಅವರ ದೇಶದ ಅಧ್ಯಕ್ಷರ ಚುನಾವಣೆಯ ಮೇಲೆ ಏನು ಪರಿಣಾಮವಾಯಿತು ಎಂಬುದು ವಿಷಯ.

ಎಷ್ಟೋ ವರ್ಷಗಳ ಮೇಲೆ ಪಾಠ ಮಾಡುವ ಅವಕಾಶ ಸಿಕ್ಕಿತ್ತು, ಬಿಡುತ್ತೇನೆಯೇ? ಮೊದಮೊದಲು ಜನ ಅಧ್ಯಕ್ಷರ ಬೆನ್ನಿಗೇ ನಿಂತರು ಎಂದೆ. ತಿಂಗಳುಗಳು ಕಳೆದವು, ಬಿಡಿಸಿ ತರಲು ಹೋದ ಸೈನಿಕರು ಮರುಭೂಮಿಯಲ್ಲೇ ವಿಫಲರಾದರು. ಮತದಾನದ ದಿನಕ್ಕೆ ಸೆರೆಗೆ ಸರಿಯಾಗಿ ಒಂದು ವರ್ಷ. ಅಧ್ಯಕ್ಷರು ಸೋತರು. ಹೊಸಬರು ಪ್ರಮಾಣವಚನ ತೆಗೆದುಕೊಂಡ ಕೆಲವೇ ನಿಮಿಷಗಳಲ್ಲಿ ಒತ್ತೆಯಾಳುಗಳ ಬಿಡುಗಡೆಯಾಯಿತು. ಬೆಲೆಯೇರಿಕೆಯೂ ಸೋಲಿಗೆ ಕಾರಣ, ಅದನ್ನು ಬಿಡಬೇಡ ಎಂದೂ ಎಚ್ಚರಿಸಿದೆ.

ಭಾನುವಾರ ಬೆಳಿಗ್ಗೆ ನಮ್ಮ ಹಾಲಿನಲ್ಲೇ ನಿಂತು ಅವಳು ಎಲ್ಲವನ್ನೂ ಒಪ್ಪಿಸಿದಳು. ಹುರುಳಿಕಾಯಿ ಹೆಚ್ಚುತ್ತಿದ್ದ ನನ್ನ ಹೆಂಡತಿ ಕೊನೆತನಕ ಕೇಳಿ, "ಅಲ್ಲಮ್ಮ, ಸಿಕ್ಕಿಹಾಕ್ಕೊಂಡೋರ ಮನೆಯೋರು ಯಾರಿಗೆ ಓಟ್ ಹಾಕಿದ್ರು?" ಎಂದಳು.

ಹುಡುಗಿ ಹಾಳೆಗಳನ್ನು ತಿರುವಿಹಾಕಿ ನನ್ನತ್ತ ನೋಡಿದಳು. ಅದನ್ನು ನಾನೂ ಎಲ್ಲೂ ಓದಿಲ್ಲ ಎಂದೆ.

ಆಗ ನನ್ನ ಹೆಂಡತಿ ತನ್ನ ಅಣ್ಣನ ವಿಷಯ ತೆಗೆದಳು. ಕುವೈತಿನಲ್ಲಿ ಯುದ್ಧವಾದಾಗ ಅವನು ಅಲ್ಲಿ ಸಿಕ್ಕಿಕೊಂಡಿದ್ದು ನನಗೂ ನೆನಪಿತ್ತು. ಮುಂದಿನದು ಗೊತ್ತಿರಲಿಲ್ಲ. ನನ್ನ ಮಾವ ದಿನವೂ ಯಾವುದಾದರೊಂದು ಕಚೇರಿಗೆ ಅಲೆಯುತ್ತಿದ್ದರಂತೆ. ಮಗನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡವನು ವಾರ್ಡಿನ ಒಬ್ಬ ಪುಢಾರಿ ಮಾತ್ರ. ವಾರದ ಮೇಲೆ ಅವನೇ ಮನೆ ಬಾಗಿಲಿಗೆ ಬಂದು, ಇನ್ನೂ ಏನೂ ತಿಳಿದಿಲ್ಲ ಎಂದು ಹೇಳಿಹೋದ. ಅಣ್ಣ ಆಮೇಲೆ ಬೇರೆಲ್ಲರ ಜೊತೆ ವಿಮಾನದಲ್ಲಿ ಕ್ಷೇಮವಾಗಿ ಬಂದ. ಅದರಲ್ಲಿ ಆ ಪುಢಾರಿಯ ಕೈವಾಡವೇನೂ ಇರಲಿಲ್ಲ.

"ಆದ್ರೂ ಅಪ್ಪ ಮುಂದಿನ ಸಲ ಅವನ ಪಾರ್ಟಿಗೇ ಹಾಕಿದ್ರು. ಜನ್ಮದಲ್ಲಿ ಮೊದಲ್ನೇ ಸಲ," ಎಂದಳು.

"ಆಂಟಿ, ಇದನ್ನ ಸೇರಿಸ್ಕೊಳ್ಲಾ?" ಎಂದಳು ಹುಡುಗಿ.

ಅದು ಒತ್ತೆಯಾಳುಗಳ ಪ್ರಸಂಗವಲ್ಲ ಎಂದು ತಕರಾರು ತೆಗೆಯಲು ನನ್ನೊಳಗಿನ ಮೇಷ್ಟ್ರು ಬಾಯಿ ತೆರೆದಿದ್ದ. ಆದರೆ ಸೇರಿಸಿಕೋ ಎಂದೆ. ನಾಲ್ಕು ದಶಕ ಸಂಸಾರ ಮಾಡಿಯೂ ನಾನು ಕೇಳದೇ ಇದ್ದ ಕಥೆಯದು.

ಸೆಮಿನಾರಿನ ಸಂಜೆ ಹುಡುಗಿ ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದಳು. ತರಗತಿಯಲ್ಲಿ ಹೆಚ್ಚು ಪ್ರಶ್ನೆ ಬಂದದ್ದು ಮಾವನವರ ಓಟಿನ ಬಗ್ಗೆಯೇ ಅಂತೆ. ನನ್ನ ಹೆಂಡತಿ ಅವಳನ್ನು ಕೂರಿಸಿಕೊಂಡು, ಯಾರ‍್ಯಾರು ಏನೇನು ಕೇಳಿದರೆಂದು ಒಂದೂ ಬಿಡದೆ ಹೇಳಿಸಿಕೊಂಡಳು. ಕಾಫಿ ಮಾಡುವ ಕೆಲಸ ನನಗೆ ಬಿತ್ತು, ಸಂತೋಷವಾಗಿಯೇ ಮಾಡಿದೆ.