ಬೋಳು ಟೈರು

ನನ್ನ ಅಣ್ಣ ಶಹಾಪುರದಿಂದ ಸುರಪುರಕ್ಕೆ ಸೈಕಲ್ ಮೇಲೆ ಬರುತ್ತಿದ್ದ. ಅವನ ಮಗ ಮೋಟರ್ ಸೈಕಲ್ ಕೊಂಡಮೇಲೆ ಮೂಲೆಗೆ ಬಿಟ್ಟ ಮೌಂಟೇನ್ ಬೈಕ್ ಅದು. ಗುಡ್ಡ ಹತ್ತಲಿಕ್ಕೆಂದು ಮಾಡಿದ ಟೈರು, ಮೈತುಂಬ ದಪ್ಪ ಹಲ್ಲು. ಡಾಂಬರಿನ ಮೇಲೆ ಗುಂಯ್ ಎನ್ನುತ್ತಿತ್ತು. ಓಣಿಯ ತಿರುವಿನಲ್ಲಿ ಆ ಸಪ್ಪಳ ಕೇಳಿದರೆ ಸಾಕು, ನಾನು ರೊಟ್ಟಿಯ ಹಂಚು ಒಲೆಗಿಡುತ್ತಿದ್ದೆ.

ನನ್ನ ಗಂಡ ತೀರಿಕೊಂಡಾಗಿನಿಂದ ಅವನು ಒಂದು ಭಾನುವಾರವೂ ತಪ್ಪಿಸಿರಲಿಲ್ಲ. ಅಡತಿ ಅಂಗಡಿಯಲ್ಲಿ ಆರು ದಿನ ಕಾಳು ತೂಗಿ, ಏಳನೆಯ ದಿನ ಇಷ್ಟು ದೂರ ತುಳಿಯುವುದು ಬೇಡ, ಬಸ್ಸಿಗೆ ಬಾ ಎಂದರೆ ಕೇಳುತ್ತಿರಲಿಲ್ಲ.

"ಬಸ್ಸಿನ್ಯಾಗ ಬಂದ್ರ ಹೊಳ್ಳಿ ಹೋಗೋ ಬಸ್ಸಿನ ಚಿಂತ್ಯಾಗ ಕುಂದ್ರಬೇಕವ್ವ. ಸೈಕಲ್ ಇದ್ರ ನನ್ನ ಮರ್ಜಿ" ಎನ್ನುತ್ತಿದ್ದ. ಚಹಾ ಆದಮೇಲೆ ಇನ್ನೊಂದು ಚಹಾ, ಸಂಜೆಯವರೆಗೆ ಹರಟೆ. ಅಷ್ಟೊತ್ತು ನನ್ನ ಮನೆ ಮನೆಯಂತೆ ಇರುತ್ತಿತ್ತು.

ಆದರೆ ಹಲ್ಲಿನ ಟೈರು ಕಾಲಿನ ಜೀವ ಹಿಂಡುತ್ತಿತ್ತು. ಒಮ್ಮೆ ಸಂಬಂಧಿಕರ ಮನೆಗೆಂದು ಇಬ್ಬರೂ ಯಾದಗಿರಿಗೆ ಹೋದಾಗ ರಸ್ತೆಯ ಟೈರು ನೋಡೋಣವೆಂದು ಸೈಕಲ್ ಅಂಗಡಿ ಹೊಕ್ಕೆವು. ಅಂಗಡಿಯವರು ಒಂದು ನುಣ್ಣನೆಯ ಟೈರು ತೆಗೆದು ಮುಂದಿಟ್ಟು, "ಡಾಂಬರ್ ರೋಡಿಗೆ ಬೋಳೇ ಬೇಕ್ರಿ. ಬೋಳು ಇದ್ದಷ್ಟು ಹಗುರ" ಎಂದರು.

ಗಂಡ ಸತ್ತವಳನ್ನು ನಮ್ಮ ಕಡೆ ಯಾವ ಮಾತಿನಿಂದ ಬಯ್ಯುತ್ತಾರೆಂದು ಎಲ್ಲರಿಗೂ ಗೊತ್ತು. ಬೋಳಿ. ಆಗಿನ್ನೂ ನನ್ನ ಗಂಡನ ವರ್ಷಾಂತಿಕ ಆಗಿರಲಿಲ್ಲ. ಅಣ್ಣನ ಮುಖ ಕೆಂಪೇರಿತು.

"ನಾಲಿಗಿ ಹಿಡಿದು ಮಾತಾಡ್ರಿ! ತಂಗಿ ಬಾಜೂಕ ನಿಂತಾಳ, ಕಣ್ಣು ಕಾಣಂಗಿಲ್ಲೇನು?"

"ಅಯ್ಯ, ನಾ ಏನಂದೆರೀ? ಟೈರಿಗೆ ಅಂದೆ!" ಎಂದು ಅವರು ಬಾಯಿ ಬಿಟ್ಟುಕೊಂಡು ನಿಂತರು. ಅಣ್ಣ ನನ್ನ ರಟ್ಟೆ ಹಿಡಿದು ಹೊರಗೆ ನಡೆದೇ ಬಿಟ್ಟ. ನಾನೋ, ಟೈರಿನ ಮೇಲಿನ ಅಳತೆ ಓದುತ್ತ ನಿಂತವಳಿಗೆ ಆ ಮಾತಿನಲ್ಲಿ ಬಯ್ಗುಳವೇ ಕೇಳಿಸಿರಲಿಲ್ಲ. ಕೇಳಿಸಿದ್ದರೂ ಏನು? ನಳದ ಸರತಿಯಲ್ಲಿ ಅದಕ್ಕಿಂತ ಕೆಟ್ಟದ್ದನ್ನು ಕೇಳಿ, ಅದರ ಎರಡರಷ್ಟು ತಿರುಗಿ ಕೊಟ್ಟವಳು ನಾನು.

ಆಮೇಲೆ ಟೈರಿನ ಸುದ್ದಿ ತೆಗೆದರೆ ಅವನು ಎದ್ದು ನಿಲ್ಲುತ್ತಿದ್ದ. "ಯಣ್ಣ, ಬೋಳು ಟೈರು, ನಾನಲ್ಲ" ಎಂದು ಒಮ್ಮೆ ನಗಿಸಲು ನೋಡಿದೆ. ನಗಲಿಲ್ಲ. "ಆ ಮಾತು ನಿನ್ನ ಬಾಯಾಗೂ ಬರಬಾರದು" ಎಂದ. ಎಂಥ ಹುಂಬ! ನನಗೆ ನಾಟದ ಮುಳ್ಳನ್ನು ತಾನು ಚುಚ್ಚಿಕೊಂಡು ಕುಂತ. ಅದೇ ಹಲ್ಲಿನ ಟೈರು, ಅದೇ ಏದುಸಿರು. ಮಳೆಗಾಲದಲ್ಲಿ ಲಾರಿಗೆ ದಾರಿ ಬಿಡಲು ರಸ್ತೆ ಇಳಿದರೆ ಹಲ್ಲಿನ ಸಂದಿಯಲ್ಲೆಲ್ಲ ಎರೆಮಣ್ಣು ಮೆತ್ತಿ ಗಾಲಿಯೇ ತಿರುಗುತ್ತಿರಲಿಲ್ಲ. ನನ್ನ ಮನೆ ಮುಟ್ಟಿದವನು ಕಟ್ಟೆಯ ಮೇಲೆ ಕುಂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ನಾನು ಎಣ್ಣೆ ಕಾಯಿಸಿ ಕೊಡುತ್ತಿದ್ದೆ. ಹೀಗೇ ವರ್ಷಗಳು ಹೋದವು.

ಹೋದ ಬೇಸಿಗೆಯಲ್ಲಿ ಕಟ್ಟೆಯಿಂದ ಏಳಲು ಅವನು ಕಂಬ ಹಿಡಿದುಕೊಂಡ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮರುದಿನ ಒಬ್ಬಳೇ ಯಾದಗಿರಿ ಬಸ್ಸು ಹತ್ತಿ ಅದೇ ಅಂಗಡಿಗೆ ಹೋದೆ.

"ಮೌಂಟೇನ್ ಬೈಕಿಗೆ ಬೋಳು ಟೈರು ಕೊಡ್ರಿ" ಎಂದೆ.

ಅವರಿಗೆ ನನ್ನ ಗುರುತಿರಲಿಲ್ಲ. ಬರಿಗೊರಳು ನೋಡಿ ಅವರೇ ಸಂಕೋಚಪಟ್ಟು, "ನುಣುಪಿಂದೇನ್ರಿ ಅಕ್ಕಾರ?" ಎಂದರು.

"ಬೋಳುರೀ, ಬೋಳು!" ಎಂದೆ, ಬೀದಿಗೆ ಕೇಳುವಂತೆ.

ತೀರ ಸಣ್ಣದು ಆ ಅಗಲ ರಿಮ್ಮಿಗೆ ಕೂರುವುದಿಲ್ಲವೆಂದರು. ನಡುವೆ ನುಣ್ಣಗಿದ್ದು, ಮಳೆನೀರು ಹರಿಯಲು ಬದಿಗೆ ಸಣ್ಣ ಗೀರುಗಳಿದ್ದ, ಜಾಲಿಮುಳ್ಳಿಗೆ ಬಗ್ಗದಷ್ಟು ಗಟ್ಟಿಯಾದ ಜೋಡಿಯೊಂದನ್ನು ಒತ್ತಿ ನೋಡಿ ಆರಿಸಿದೆ. ಶಹಾಪುರಕ್ಕೆ ಒಯ್ದು, ಅಣ್ಣ ಅಡತಿ ಅಂಗಡಿಯಲ್ಲಿದ್ದಾಗಲೇ ಅವನ ಸೈಕಲ್ಲಿಗೆ ಹಾಕಿಸಿಟ್ಟೆ.

ಸಂಜೆ ಬಂದವನು ಗಾಲಿ ನೋಡಿದ, ನನ್ನನ್ನು ನೋಡಿದ. ಬಯ್ಯಲಿಲ್ಲ. ಸೈಕಲ್ ಹತ್ತಿ ಓಣಿಯಲ್ಲಿ ಒಂದು ಸುತ್ತು ಹಾಕಿದ. ಗುಂಯ್ ಇಲ್ಲ, ಏನೂ ಇಲ್ಲ. ಇಳಿಯುವಾಗ ಮೊಣಕಾಲು ಮಡಚಲಾಗದೆ ನನ್ನ ಹೆಗಲು ಹಿಡಿದುಕೊಂಡ.

"ಎಷ್ಟು ಹಗುರ ಐತವ್ವ ಇದು! ಆವಾಗೇ..." ಎಂದು ಸೈಕಲ್ ಗೋಡೆಗೆ ಒರಗಿಸಿದ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಮೇಲೆ ಬರುವುದಿಲ್ಲ. ಮರುದಿನವೇ ತೋರಿಸಿದರೆ, ಮೊಣಕಾಲಿನೊಳಗಿನ ಮೆತ್ತೆ ಸವೆದಿದೆ, ಇನ್ನು ಸೈಕಲ್ ಮುಟ್ಟಬೇಡಿ ಎಂದರು ಡಾಕ್ಟರು. ನನಗೆ ಅವನ ಮೇಲೆ ಈಗಲೂ ಸಿಟ್ಟಿದೆ. ನನ್ನ ಮರ್ಯಾದೆ ಕಾಯಲು ಹೇಳಿದವರ್ಯಾರು? ನನಗೆ ಬೇಕಾಗಿದ್ದದ್ದು ಅವನ ಕಾಲು.

ಈಗ ಬಸ್ಸಿಗೆ ಬರುತ್ತಾನೆ. ಒಂದು ಚಹಾ ಮುಗಿಯುವುದರೊಳಗೆ ಗೋಡೆಯ ಗಡಿಯಾರ ನೋಡುತ್ತಾನೆ. "ಬರ್ತೀನವ್ವ, ಬಸ್ಸು ತಪ್ಪತದ" ಎಂದು ಚಪ್ಪಲಿ ಹುಡುಕುತ್ತಾನೆ.

ಮೊನ್ನೆ ಶಹಾಪುರಕ್ಕೆ ಹೋದಾಗ ಸೈಕಲ್ಲಿನ ಧೂಳು ಒರೆಸಿದೆ. ಹೊಸ ಟೈರಿಗೆ ಸಣ್ಣ ಸಣ್ಣ ರಬ್ಬರಿನ ಕೂದಲಿರುತ್ತವಲ್ಲ, ನಾಲ್ಕು ದಿನ ಓಡಿಸಿದರೆ ಉದುರುವಂಥವು. ಬೋಳು ಟೈರಿನ ಮೇಲೆ ಅವು ಇನ್ನೂ ಹಾಗೇ ನಿಂತಿವೆ.