ನೀರಿನ ಮೋಟಾರಿಗೆ ಲಾಗಿನ್

ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಬರೀ ಬಾಡಿಗೆದಾರ ಎಂಬ ಸಂಗತಿ ನನಗೆ ಆಗಾಗ ಮರೆತುಹೋಗುತ್ತದೆ. ಕಂಪ್ಯೂಟರ್ ಬಲ್ಲವನೆಂದು ಕಮಿಟಿಯವರು ಮೀಟಿಂಗಿಗೆ ಕರೆದು, ಮುಂದಿನ ಕುರ್ಚಿಯಲ್ಲಿ ಕೂರಿಸಿ, ಸಮೋಸ ಕೊಡುತ್ತಾರೆ. ಅಂಥವನಿಗೆ ಅರ್ಧ ಕಟ್ಟಡವೇ ತನ್ನದೆನಿಸಿದರೆ ತಪ್ಪೇನು?

ಒಮ್ಮೆ ಆ ಉಮೇದಿನಲ್ಲೇ ನೀರಿನ ಮೋಟಾರಿಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಸೋಫಾದಲ್ಲಿ ಕೂತು ಫೋನ್ ಒತ್ತಿದರೆ ಸಂಪಿನ ನೀರು ಮೇಲಿನ ಟ್ಯಾಂಕಿಗೆ ಏರುತ್ತಿತ್ತು. ವಿಳಾಸ ಗೊತ್ತಿದ್ದವರೆಲ್ಲ ಒತ್ತಿದರು. ಮನೆ ಖಾಲಿ ಮಾಡಿ ಸನತ್‌ನಗರಕ್ಕೆ ಹೋದ ಪುಣ್ಯಾತ್ಮನೊಬ್ಬ, ಹಳೆಯ ಪ್ರೀತಿಗೋ ಹಳೆಯ ಸಿಟ್ಟಿಗೋ, ಅಲ್ಲಿಂದಲೇ ಒತ್ತುತ್ತಿದ್ದ. ಟ್ಯಾಂಕು ಉಕ್ಕಿ ಕಮಿಟಿ ಅಧ್ಯಕ್ಷರ ಹೊಸ ಕಾರಿಗೆ ಅಭಿಷೇಕವಾದ ದಿನ ಅವರು ತೆಲುಗಿನಲ್ಲಿ ಗುಡುಗಿದರು: "ಲಾಗಿನ್ ಪೆಟ್ಟಂಡಿ ಸಾರ್!"

ಲಾಗಿನ್ ಇಟ್ಟೆ. ವೈಕುಂಠಕ್ಕೇ ದ್ವಾರಪಾಲಕರಿರುವಾಗ ಮೋಟಾರಿಗೆ ಬೇಡವೇ? ಆದರೆ ಬಂದವನು ಯಾರೆಂದು ತಿಳಿದರಷ್ಟೇ ಸಾಲದು, ಅವನಿಗೆ ಎಷ್ಟು ಹಕ್ಕೆಂದೂ ತಿಳಿಯಬೇಕು. ಮನೆಯಲ್ಲಿ ಅಳಿಯನನ್ನು ಎಲ್ಲರೂ ಗುರುತಿಸುತ್ತಾರೆ, ಹಾಗಂತ ತಿಜೋರಿಗೆ ಕೈ ಹಾಕಲು ಬಿಡುತ್ತಾರೆಯೇ? ಕಮಿಟಿ ಚರ್ಚಿಸಿ ತೀರ್ಮಾನಿಸಿತು. ಮಾಲೀಕರು ಮೋಟಾರ್ ಹಾಕಬಹುದು. ಬಾಡಿಗೆದಾರರು ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ನೋಡಬಹುದು. ಅಧ್ಯಕ್ಷರು ಯಾರನ್ನು ಯಾವ ಸಾಲಿಗಾದರೂ ಸೇರಿಸಬಹುದು. ಬಾಡಿಗೆದಾರರೆಂದರೆ ಯಾರೋ ಪರದೇಶದವರು ಎಂಬಂತೆ ನಾನೂ ತಲೆಯಾಡಿಸಿ, ಎಲ್ಲವನ್ನೂ ಬಿಗಿಯಾಗಿ ಬರೆದೆ. ಕೆಲಸ ಮುಗಿದೊಡನೆ ಅಧ್ಯಕ್ಷರು ನನ್ನ ಕೈ ಕುಲುಕಿ, ನಾನೇ ಮಾಡಿಕೊಟ್ಟ ಗುಂಡಿ ಒತ್ತಿ, ನನ್ನನ್ನು ಬಾಡಿಗೆದಾರರ ಸಾಲಿಗೆ ತಳ್ಳಿದರು. ಬಹಳ ಬೇಸರವಾಯಿತು. ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಹೆಮ್ಮೆಯೂ ಆಯಿತು.

ಮುಂದಿನ ತಿಂಗಳು ಮಗಳನ್ನು ನೋಡಲು ರಾಯಚೂರಿನಿಂದ ಗಂಡಿನ ಕಡೆಯವರು ಬಂದರು. ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದು ಆಟೋ ಹತ್ತಿದ್ದೇವೆ ಎಂದು ಫೋನ್ ಬಂದಾಗಲೇ ನಮ್ಮ ನಲ್ಲಿ ಗೊರಗೊರ ಎಂದು ನಿಂತಿತು. ಹೆಂಡತಿಯ ಕೈ ತುಂಬ ಹೋಳಿಗೆಯ ಕಣಕ. ನನ್ನ ಫೋನು ಟ್ಯಾಂಕು ಖಾಲಿ ಎಂದು ಕೆಂಪು ಬಣ್ಣದಲ್ಲಿ ಅಂದವಾಗಿ ತೋರಿಸುತ್ತಿತ್ತು. ಅಷ್ಟೇ ನನ್ನ ಹಕ್ಕು. ಅಧ್ಯಕ್ಷರು ತಿರುಪತಿಯಲ್ಲಿ ದರ್ಶನದ ಸಾಲಿನಲ್ಲಿದ್ದರು. ಎದುರು ಮನೆಯ ಮಾಲಕಿ ಪದ್ಮಕ್ಕನ ಬಾಗಿಲಿಗೆ ಬೀಗ. ಬೀಗರಾಗುವವರ ಮುಂದೆ ಮಾನ ಹೋಯಿತೆಂದು ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

ಹೆಂಡತಿ ಕೈ ಒರೆಸಿಕೊಂಡು ತನ್ನ ಫೋನ್ ತೆಗೆದು ಒತ್ತಿದಳು. ಕೆಳಗೆ ಮೋಟಾರ್ ಗುಂಯ್ ಎಂದಿತು.

"ಇದೆಂಗ?" ಎಂದೆ.

"ಪದ್ಮಕ್ಕ ಅವರ ಪಾಸ್‌ವರ್ಡ್ ಐತ್ರಿ. ಬಾಡಿಗಿ ಮನಿ ಹೆಣ್ಮಕ್ಕಳೆಲ್ಲಾರಿಗೂ ಕೊಟ್ಟಾರ."

"ನನಗ ಯಾಕ ಹೇಳಲಿಲ್ಲ?"

"ನೀವು ಭಾಳ ನಿಯತ್ತಿನವರು. ಗೊತ್ತಾದ್ರ ಬಂದ್ ಮಾಡಿಬಿಡ್ತೀರಿ ಅಂತ ಎಲ್ಲಾರೂ ಹೆದರ್ಯಾರ."

ಗಂಡಿನ ಕಡೆಯವರು ಕೈಕಾಲು ತೊಳೆದು, ಹೋಳಿಗೆ ಉಂಡು, "ಹೈದರಾಬಾದಿನ್ಯಾಗ ಇದ್ರೂ ನಿಮಗ ನೀರಿನ ತ್ರಾಸಿಲ್ಲ ನೋಡ್ರಿ" ಎಂದು ಮೆಚ್ಚಿಕೊಂಡು, ಸಂಬಂಧ ಒಪ್ಪಿ ಹೋದರು.

ಎರಡು ದಿನ ಬಿಟ್ಟು ಅಧ್ಯಕ್ಷರು ಲಡ್ಡು ಹಿಡಿದು ಬಂದು, ನಮ್ಮ ಕಾವಲು ಹೇಗೆ ನಡೆದಿದೆ ಎಂದು ವಿಚಾರಿಸಿದರು. ಅಷ್ಟು ದೊಡ್ಡ ಕಿಂಡಿ ಕಂಡಮೇಲೆ ಬಾಯಿಬಿಡುವುದು ನನ್ನ ಧರ್ಮ. ಒಳಗೆ ಹೆಂಡತಿ ಪಾತ್ರೆ ತೊಳೆಯುವ ಸದ್ದು ಫಕ್ಕನೆ ನಿಂತಿತು.

"ಒಂದು ಇರುವೆಯೂ ನುಸುಳುವ ಹಾಗಿಲ್ಲ ಸಾರ್" ಎಂದು, ಪ್ರಸಾದವನ್ನು ಕಣ್ಣಿಗೊತ್ತಿಕೊಂಡೆ.